ಸತ್ತ ಮೊಳೆ

೪ ಜೂನ್ ೧೯೮೪

ಪ್ರೀತಿಯ ಮರಕುಟಿಗನಿಗೆ,

ನಿನ್ನ ಕಾರ್ಡು ತಲುಪಿತು. ಬರೆದದ್ದು ಒಟ್ಟು ನಾಲ್ಕು ಸಾಲು, ಅದರಲ್ಲಿ ಎರಡು ಸೊಳ್ಳೆಗಳ ಬಗ್ಗೆ. ನದಿ ಸಮುದ್ರ ಸೇರುವಲ್ಲಿ ಒಂದು ಹಳೆಯ ಜ್ವರದಾಸ್ಪತ್ರೆ, ಅದನ್ನು ಕೆಡವುವ ಮೊದಲು ಬಾಗಿಲು ಕಿಟಕಿ ಬಿಚ್ಚುವ ಕೆಲಸ, ಮೂರು ತಿಂಗಳು ಅಲ್ಲೇ ಠಿಕಾಣಿ. ನನಗೆ ತಿಳಿದದ್ದು ಇಷ್ಟೇ. ಮೈಮೇಲೆ ಎಚ್ಚರವಿರಲಿ. ಹಳೆಯ ಕಟ್ಟಡಗಳಲ್ಲಿ ನೆಲ ಗಟ್ಟಿಯಿರುವುದಿಲ್ಲ.

ಶಾಲೆಯಿಂದ ರಜೆ ಹಾಕಿ ಕೂತಿದ್ದೇನೆ. ನನ್ನ ಇಂಗ್ಲಿಷ್ ನುಡಿಗಟ್ಟುಗಳ ಕೋಶ 'ಡಿ' ಅಕ್ಷರಕ್ಕೆ ಬಂದಿದೆ. ಚೀಟಿಗಳು ಆರು ಬಿಸ್ಕತ್ತಿನ ಡಬ್ಬ ತುಂಬಿವೆ. ಈ ವೇಗದಲ್ಲಿ ಹೋದರೆ ಕೊನೆಯ ಅಕ್ಷರ ಮುಟ್ಟುವಷ್ಟರಲ್ಲಿ ನಾನೇ ಒಂದು ನುಡಿಗಟ್ಟಾಗಿರುತ್ತೇನೆ.

ಈಗ ನಿನ್ನಿಂದ ಒಂದು ಕೆಲಸವಾಗಬೇಕು. 'ಡೆಡ್ ಆ್ಯಸ್ ಎ ಡೋರ್‌ನೇಲ್' ಎಂದೊಂದು ಮಾತಿದೆ. ಬಾಗಿಲ ಮೊಳೆಯಷ್ಟು ಸತ್ತದ್ದು ಎಂದು. ಮತ್ತೆ ಜೀವ ಬರುವ ಆಸೆಯೇ ಇಲ್ಲ ಎನ್ನುವಾಗ ಹೇಳುತ್ತಾರೆ. ಆರುನೂರು ವರ್ಷಕ್ಕಿಂತ ಹಳೆಯದು. ನಾವಾದರೆ ಕೊರಡಿನ ಹಾಗೆ ಬಿದ್ದಿದ್ದ ಅನ್ನುತ್ತೇವೆ, ಕಲ್ಲಿನ ಹಾಗೆ ಅನ್ನುತ್ತೇವೆ. ಅವರಿಗೆ ಮೊಳೆಯೇ ಏಕೆ ಬೇಕಾಯಿತು? ಅದರಲ್ಲೂ ಬಾಗಿಲಿನದು? ಹಿಂದೆ ಬಾಗಿಲು ತಟ್ಟಲು ಕಬ್ಬಿಣದ ಬಳೆ ಇರುತ್ತಿತ್ತಂತೆ, ಅದು ದಿನವಿಡೀ ಒಂದೇ ಮೊಳೆಯ ತಲೆಗೆ ಬಡಿದೂ ಬಡಿದೂ ಆ ಮೊಳೆ ಸತ್ತೇ ಹೋಯಿತಂತೆ. ಒಂದು ಪುಸ್ತಕ ಹಾಗೆ ಹೇಳುತ್ತದೆ. ನನಗೆ ನಂಬಿಕೆ ಬರಲಿಲ್ಲ. ಬಡಗಿಗಳ ಬಾಯಲ್ಲಿ ಬೇರೆ ಅರ್ಥವಿರಬಹುದು.

ಅಲ್ಲಿ ಹಳೆಯ ಬಾಗಿಲುಗಳಿವೆಯಲ್ಲ, ಮೊಳೆಗಳನ್ನು ನೋಡಿ ಬರೆ. ಎಲ್ಲ ಬಾಗಿಲುಗಳನ್ನೂ ನೋಡು. ಕಾರಿಡಾರಿನ ತುದಿಯವನ್ನೂ ಬಿಡಬೇಡ.

ನಿನ್ನ ಅಕ್ಕ


೧೧ ಜೂನ್ ೧೯೮೪

ಪಂಡಿತಕ್ಕನಿಗೆ ನಮಸ್ಕಾರ.

ದಿನವೂ ತಲೆಗೆ ಪೆಟ್ಟು ತಿಂದವರು ಸಾಯುವುದಾದರೆ ಮೊದಲು ಸಾಯಬೇಕಾದವನು ನಾನು. ಸೋದರಮಾವ ಕೆಲಸ ಕಲಿಸುವಾಗ ಕೊಟ್ಟ ಕುಟ್ಟುಗಳನ್ನು ಯಾವ ಬಾಗಿಲ ಮೊಳೆಯೂ ತಿಂದಿರಲಾರದು. ಆ ಪುಸ್ತಕದವನು ಸುತ್ತಿಗೆ ಮುಟ್ಟಿದವನಲ್ಲ ಬಿಡು.

ಸತ್ತ ಮೊಳೆ ಅಂದರೇನೆಂದು ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಲಗೆಗಿಂತ ಉದ್ದದ ಮೊಳೆ ಹೊಡೆಯಬೇಕು. ಅದರ ತುದಿ ಆಚೆ ಬದಿಗೆ ಹೊರಬರುತ್ತದೆ. ಆ ತುದಿಯನ್ನು ಕೊಕ್ಕೆಯ ಹಾಗೆ ಮಡಚಿ, ಮತ್ತೆ ಮರದೊಳಗೆ ಕೂರುವಂತೆ ಬಡಿಯಬೇಕು. ಆಮೇಲೆ ಅದನ್ನು ಕೀಳಲು ಯಾರಪ್ಪನಿಂದಲೂ ಆಗುವುದಿಲ್ಲ. ಕಷ್ಟಪಟ್ಟು ಕಿತ್ತರೂ ನೆಟ್ಟಗೆ ಮಾಡಲು ಹೋದರೆ ಮುರಿಯುತ್ತದೆ. ಬೇರೆ ಮೊಳೆಗಳನ್ನು ಕಿತ್ತು ನೂರು ಸಲ ಬಳಸಬಹುದು, ಇದನ್ನು ಬಳಸಲಾಗದು. ಅದಕ್ಕೇ ಸತ್ತದ್ದು. "ಬಾಗಿಲಿಗೆ ಮೊಳೆ ಸಾಯಿಸಿ ಹೊಡೀಬೇಕು ಕಣೋ, ಇಲ್ದಿದ್ರೆ ಬಾಗಿಲು ದಿನಾ ಅಲ್ಲಾಡಿ ಅಲ್ಲಾಡಿ ಮೊಳೇನ ಉಗುಳಿಬಿಡುತ್ತೆ" ಅಂತ ಮಾವ ಹೇಳುತ್ತಿದ್ದ. ಬರೆದುಕೋ, ಕೋಶದಲ್ಲಿ ನನ್ನ ಹೆಸರೂ ಹಾಕು.

ಇನ್ನೊಂದು ವಿಷಯ. ಕಾರಿಡಾರಿನ ತುದಿ ಅಂದೆಯಲ್ಲ, ನಿನ್ನ ಬಾಯಿಂದ ಸರಿಯಾಗಿಯೇ ಬಂತು. ಹಿಂದಿನ ಭಾಗದ ಕಾರಿಡಾರಿನ ಕೊನೆಗೆ ಮೂರು ಕಬ್ಬಿಣದ ಅಲ್ಮೆರಾ ಅಡ್ಡ ಇಟ್ಟಿದ್ದರು. ಸರಿಸಿದರೆ ಹಿಂದೆ ಒಂದು ಬಾಗಿಲು, ಮೇಲೆಲ್ಲ ಸುಣ್ಣ ಬಳಿದಿದ್ದಾರೆ. ಅದರ ತುಂಬ ಸತ್ತ ಮೊಳೆಗಳು! ಮೇಲೆ ಆರು, ಕೆಳಗೆ ಆರು. ಆದರೆ ಈ ಬದಿಯಲ್ಲಿ ಕಾಣುವುದು ಬರೀ ಮಡಚಿದ ತುದಿಗಳು. ತಲೆಗಳು ಒಳಗಿವೆ. ಬಾಗಿಲು ಹೊರಗೆ ತೆರೆಯುವಂಥದ್ದು. ಒಳಗೆ ಚೌಕಟ್ಟಿಗಿಂತ ಅಗಲದ ಎರಡು ಅಡ್ಡಪಟ್ಟಿ ಇಟ್ಟು ಹೊಡೆದಿರಬೇಕು. ಅಂದರೆ ಒಬ್ಬರು ಒಳಗೆ ನಿಂತು ಹೊಡೆದಿದ್ದಾರೆ, ಇನ್ನೊಬ್ಬರು ಹೊರಗೆ ನಿಂತು ತುದಿ ಮಡಚಿದ್ದಾರೆ. ಒಬ್ಬರಿಂದ ಆಗುವ ಕೆಲಸವೇ ಅಲ್ಲ ಇದು.

ಒಳಗಿದ್ದವರು ಆಮೇಲೆ ಹೇಗೆ ಬಂದರು ಎಂದು ಯೋಚಿಸುತ್ತಿದ್ದೇನೆ.

ನಿನ್ನ ಮರಕುಟಿಗ


೧೯ ಜೂನ್ ೧೯೮೪

ಅಕ್ಕನಿಗೆ,

ನಿನ್ನಿಂದ ಉತ್ತರವಿಲ್ಲ. ಕೇಳಿದ್ದು ಸಿಕ್ಕಿತು, ಇನ್ನು ತಮ್ಮನ ಗೊಡವೆ ಯಾಕೆ ಅಂತಲೋ?

ಇಲ್ಲಿ ಒಂದು ತಮಾಷೆ ನಡೆದಿದೆ. ಮೊನ್ನೆ ಬೆಳಿಗ್ಗೆ ನೋಡಿದರೆ ಆ ಬಾಗಿಲಿನ ಮೇಲಿನ ಸಾಲಿನ ಒಂದು ಮೊಳೆಯ ತುದಿ ಎದ್ದು ನೆಟ್ಟಗೆ ನಿಂತಿದೆ. ನಿನ್ನೆ ಇನ್ನೊಂದು, ಈ ದಿನ ಬೆಳಿಗ್ಗೆ ಮತ್ತೆರಡು. ಯಾರೋ ಇಕ್ಕಳ ಹಾಕಿ ಎಬ್ಬಿಸಿದ್ದಾರೆ ಅಂದುಕೊಂಡು ಹತ್ತಿರ ಹೋಗಿ ಸವರಿದೆ. ಇಕ್ಕಳದ ಗುರುತಿಲ್ಲ. ಸುಣ್ಣದ ಪದರ ಸಹ ಅಲ್ಲಲ್ಲೇ ಬಿರಿದಿದೆಯೇ ಹೊರತು ಉಜ್ಜಿಹೋಗಿಲ್ಲ. ಅಷ್ಟು ತುಕ್ಕು ತಿಂದ ಮೊಳೆ ನೆಟ್ಟಗಾದರೆ ಪಟ್ಟನೆ ಮುರಿಯಬೇಕು. ಮುರಿದಿಲ್ಲ.

ಇಲ್ಲಿನ ಕಾವಲುಗಾರ ಮುದುಕ, ಇಪ್ಪತ್ತು ವರ್ಷದಿಂದ ಇದ್ದಾನೆ. ಅವನದೇ ಕುಚೇಷ್ಟೆ ಎಂದು ಹಿಡಿದು ಕೇಳಿದೆ.

"ನಾನ್ಯಾಕೆ ಮಾಡ್ಲಿ ಮಾರಾಯ್ರೇ? ಆ ಅಲ್ಮೆರಾ ಸರಿಸ್ಬೇಡಿ ಅಂತ ನಂಗಿಂತ ಮುಂಚೆ ಇದ್ದವನು ಹೇಳಿದ್ದ. ನಾನು ಸರಿಸ್ಲಿಲ್ಲ. ನೀವು ಸರಿಸಿದ್ರಿ."

"ಯಾಕೆ ಸರಿಸ್ಬಾರ್ದು?"

"ಅವನು ಹೇಳ್ಲಿಲ್ಲ. ನಾನು ಕೇಳ್ಲಿಲ್ಲ. ಕೇಳಿದ್ರೆ ಈ ಕೆಲಸದಲ್ಲಿ ಇಪ್ಪತ್ತು ವರ್ಷ ಇರ್ತಿದ್ನಾ?"

ಎಷ್ಟು ಸತ್ತ ಮೊಳೆಯೂ ಏಳುತ್ತದೆ ಎಂದು ನಿನ್ನ ಚೀಟಿಯ ಕೊನೆಗೆ ಸೇರಿಸು. ಬೇಗ ಬರೆ.

ನಿನ್ನ ತಮ್ಮ


೨೮ ಜೂನ್ ೧೯೮೪

ತಮ್ಮನಿಗೆ ಆಶೀರ್ವಾದಗಳು.

ಎರಡೂ ಪತ್ರ ತಲುಪಿದವು. ಮೊಳೆಯ ವಿವರಕ್ಕೆ ಉಪಕಾರ. ಚೀಟಿ ಬರೆದಾಯಿತು. ಇನ್ನು ಆ ಬಾಗಿಲಿನ ಸುದ್ದಿ ಬೇಡ.

ಅಲ್ಮೆರಾಗಳನ್ನು ಮೊದಲಿದ್ದ ಹಾಗೆ ಇಟ್ಟುಬಿಡು. ಆ ಒಂದು ಬಾಗಿಲನ್ನು ಬಿಟ್ಟು ಉಳಿದವನ್ನು ಬಿಚ್ಚುತ್ತೇನೆ ಎಂದು ಗುತ್ತಿಗೆದಾರರಿಗೆ ಹೇಳು. ಒಪ್ಪದಿದ್ದರೆ ಕೆಲಸ ಬಿಟ್ಟು ಬಾ. ಇಲ್ಲಿ ಶಾಲೆಯ ಬೆಂಚುಗಳೆಲ್ಲ ಕಾಲು ಮುರಿದುಕೊಂಡು ಕೂತಿವೆ, ಮುಖ್ಯೋಪಾಧ್ಯಾಯರ ಹತ್ತಿರ ನಾನು ಮಾತಾಡಿದ್ದೇನೆ.

ಮಳೆಗಾಲ. ನಿನಗೆ ಮೊದಲೇ ಎದೆ ಕಟ್ಟುತ್ತದೆ.

ಅಕ್ಕ


೪ ಜುಲೈ ೧೯೮೪

ಅಕ್ಕನಿಗೆ,

ನಿನ್ನ ಪತ್ರ ಓದಿ ನಗು ಬಂತು, ಆಮೇಲೆ ಸ್ವಲ್ಪ ಬೇಜಾರೂ ಆಯಿತು. 'ಆಶೀರ್ವಾದಗಳು' ಅಂತ ಯಾವತ್ತಾದರೂ ಬರೆದವಳೇ ನೀನು? ನಾನು ಚಿಕ್ಕವನಿದ್ದಾಗ ಬಚ್ಚಲಿಗೆ ಒಬ್ಬನೇ ಹೋಗಲು ಹೆದರಿದರೆ, "ದೆವ್ವಕ್ಕೆ ಬೇರೆ ಕೆಲಸ ಇಲ್ವೇನೋ, ನಿನ್ನ ಮೂತಿ ನೋಡೋಕೆ ಬರುತ್ತಾ?" ಅಂತ ಗದರಿಸುತ್ತಿದ್ದವಳು ಈಗ ನಾಲ್ಕು ಮೊಳೆಗೆ ಹೆದರಿದೆಯಾ?

ನಾನು ಅಲ್ಮೆರಾ ಮುಚ್ಚಲಿಲ್ಲ. ಇಷ್ಟು ವರ್ಷದಲ್ಲಿ ನಿನ್ನ ಮಾತು ಮೀರಿದ್ದು ಕಡಿಮೆ, ಈ ಸಲ ಮೀರಿದ್ದೇನೆ. ಯಾಕೆಂದು ನನಗೂ ಸರಿಯಾಗಿ ಗೊತ್ತಿಲ್ಲ. ಹತ್ತು ಮೊಳೆ ಎದ್ದಿವೆ, ಇನ್ನೆರಡು ಉಳಿದಿವೆ. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋಗಿ ಆ ಬಾಗಿಲಿಗೇ ಬೆನ್ನು ಕೊಟ್ಟು ಕೂರುತ್ತೇನೆ. ಹೊರಗೆ ಎಷ್ಟು ಸೆಕೆಯಿದ್ದರೂ ಅಲ್ಲಿ ತಂಪು. ಬಾಗಿಲ ಕೆಳಗೆ ಎರಡು ಬೆರಳಿನಷ್ಟು ಸಂದು ಇದೆ, ಅಲ್ಲಿಂದ ಗಾಳಿ ಬರುತ್ತದೆ. ಕಿಟಕಿ ಮುಚ್ಚಿದ ಕೋಣೆಯಿಂದ ಗಾಳಿ ಹೇಗೆ ಬರುತ್ತದೆ ಅಂತ ಕೇಳಬೇಡ. ಒಂದೇ ಸಮನೆ ಬರುವುದಿಲ್ಲ. ಒಮ್ಮೆ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ.

ಮೊನ್ನೆ ಸುಮ್ಮನೆ ಮೂರು ಸಲ ತಟ್ಟಿದೆ. ಒಳಗಿನಿಂದ ಮೂರು ಸಲ ತಟ್ಟಿದ ಸದ್ದು ಬಂತು. ಗೋಡೆಯ ಪ್ರತಿಧ್ವನಿ ಎಂದು ಎರಡು ಸಲ ತಟ್ಟಿದೆ. ಮತ್ತೂ ಮೂರೇ ಬಂತು.

ನಿನ್ನೆ ಯಾರೋ ಕರೆದರು. ಹೆಂಗಸಿನ ದನಿ, ಬಹಳ ಮೆತ್ತಗೆ, ನೆಲದ ಹತ್ತಿರದಿಂದ. "ಕೂಸಪ್ಪಾ" ಅಂತ. ನನ್ನನ್ನು ಯಾರೂ ಹಾಗೆ ಕರೆದದ್ದಿಲ್ಲ, ಆದರೂ ನನ್ನನ್ನೇ ಕರೆದದ್ದು ಎಂದು ಗೊತ್ತಾಯಿತು. ಬಾಯಿ ತಾನಾಗಿ "ಓ" ಅಂತು. ಹೆದರಿಕೆ ಆಗಲಿಲ್ಲ ಅಕ್ಕ. ಅಳು ಬಂತು. ನಲವತ್ತೆರಡು ವರ್ಷದ ಗಂಡಸು, ಬುತ್ತಿ ಮುಂದಿಟ್ಟುಕೊಂಡು ಅತ್ತೆ.

ನಮ್ಮ ಮನೆಯಲ್ಲಿ ಆ ಹೆಸರಿನವರು ಯಾರಾದರೂ ಇದ್ದರೇ?

ತಮ್ಮ


೮ ಜುಲೈ ೧೯೮೪
(ತುರ್ತು ಅಂಚೆ)

ತಮ್ಮಾ,

ಇದನ್ನು ಆ ಕಟ್ಟಡದಲ್ಲಿ ಕೂತು ಓದಬೇಡ. ಹೊರಗೆ ಬಾ. ನಾಲ್ಕು ಜನ ಓಡಾಡುವ ಕಡೆ ಕೂತು ಓದು.

ಅಪ್ಪ ಅಮ್ಮ ದೋಣಿ ಮುಳುಗಿ ಹೋದರು ಎಂದು ನಾನೂ ಮಾವನೂ ನಿನಗೆ ಹೇಳಿದ್ದೆವು. ದೋಣಿ ಮುಳುಗಲಿಲ್ಲ. ದೋಣಿಯೇ ಇರಲಿಲ್ಲ.

ಅಮ್ಮ ಆ ಆಸ್ಪತ್ರೆಯಲ್ಲಿ ದಾದಿ. ಅಪ್ಪ ಅಲ್ಲಿಯ ಬಡಗಿ, ಮಂಚ ಮಾಡುತ್ತಿದ್ದ, ಜ್ವರ ಹೆಚ್ಚಿದ ಮೇಲೆ ಶವದ ಪೆಟ್ಟಿಗೆಗಳನ್ನೂ. ನಾವು ಹಿಂದಿನ ಅಂಗಳದ ಎರಡು ಕೋಣೆಯಲ್ಲಿದ್ದೆವು. ಆಗ ನನಗೆ ಒಂಬತ್ತು ವರ್ಷ, ನಿನಗೆ ಎಂಟು ತಿಂಗಳು. ನಿನ್ನ ಮೊದಲ ಕಾರ್ಡು ಬಂದಾಗಲೇ ನೀನು ಎಲ್ಲಿದ್ದೀಯ ಎಂದು ನನಗೆ ಗೊತ್ತಾಯಿತು. ನುಡಿಗಟ್ಟಿನ ನೆಪ ಮಾಡಿ ಕೇಳಿದೆ. ಸತ್ತ ಮೊಳೆ ಎಂದರೇನೆಂದು ನಾನು ಒಂಬತ್ತನೇ ವಯಸ್ಸಿಗೇ ಕಣ್ಣಾರೆ ನೋಡಿದ್ದೆ. ಬೇಕಾಗಿದ್ದುದು ಒಂದೇ: ಆ ಬಾಗಿಲು ಇನ್ನೂ ಮುಚ್ಚಿಯೇ ಇದೆಯೇ?

ಆ ಜ್ವರ ಏರಿದವರು ಮಂಚಕ್ಕೆ ಕಟ್ಟಿದರೂ ಬಿಡಿಸಿಕೊಂಡು ಮನೆಗೆ ಓಡುತ್ತಿದ್ದರು. ಮಕ್ಕಳನ್ನು ಅಪ್ಪಿಕೊಳ್ಳುತ್ತಿದ್ದರು. ಎರಡು ದಿನಕ್ಕೆ ಮಕ್ಕಳೂ ಹೋಗುತ್ತಿದ್ದವು. ಅಮ್ಮ ಅದನ್ನು ನೋಡಿದ್ದಳು. ೧೯೪೩ರ ಫೆಬ್ರವರಿ ಹನ್ನೊಂದರಂದು ತನಗೂ ಜ್ವರ ಬಂತೆಂದು ಗೊತ್ತಾದ ಕೂಡಲೇ ಆ ಕೋಣೆಗೆ ಹೊಕ್ಕಳು. ಬೀಗ ಹಾಕುತ್ತೇನೆ ಅಂದ ಅಪ್ಪ.

"ಬೀಗ ಹಾಕಿದ್ರೆ ಬೀಗದ ಕೈ ನಿಮ್ಮ ಜೇಬಲ್ಲಿರುತ್ತೆ. ನಾನು ಅತ್ರೆ ನಿಮ್ಮ ಕೈ ಜೇಬಿಗೆ ಹೋಗುತ್ತೆ. ಬೇಡ. ಮೊಳೆ ಹೊಡೆಯೋಣ, ತುದಿ ಮಡಚಿ. ಒಳಗಿಂದ ನನ್ನ ಕೈಲೂ ಬಿಚ್ಚೋಕಾಗ್ಬಾರ್ದು, ಹೊರಗಿಂದ ನಿಮ್ಮ ಕೈಲೂ ಆಗ್ಬಾರ್ದು."

ಅವಳು ಒಳಗಿನಿಂದ ಹೊಡೆದಳು. ಅಪ್ಪ ಹೊರಗಿನಿಂದ ಮಡಚಿದ. ತುದಿ ಬಡಿಯುವಾಗ ಅವಳು ಒಳಗೆ ಮೊಳೆಯ ತಲೆಗೆ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕಾಗಿತ್ತು. ಪ್ರತಿ ಮೊಳೆಗೂ ಅಪ್ಪ "ಹಿಡಿದ್ಯಾ?" ಅನ್ನುತ್ತಿದ್ದ, ಅವಳು "ಹಿಡಿದೆ" ಅನ್ನುತ್ತಿದ್ದಳು. ಹನ್ನೆರಡು ಸಲ. ಮೊಳೆಯ ಬುಟ್ಟಿ ನನ್ನ ಕೈಯಲ್ಲಿತ್ತು. ಕೊನೆಗೆ ಅವಳು ನನಗೆ ಹೇಳಿದಳು: "ಮಗಳೇ, ನಾನು ಎಷ್ಟು ಕರೆದ್ರೂ ಬರ್ಬೇಡ. ಆಗ ಕರೆಯೋದು ನಾನಲ್ಲ, ಜ್ವರ."

ಹದಿನೈದರಂದು ಅಪ್ಪ ಮಲಗಿದ. ಅವತ್ತು ಮಧ್ಯಾಹ್ನ ನಾನು ಆ ಕಾರಿಡಾರಿಗೆ ಹೋದೆ. ಒಳಗಿನಿಂದ ತಟ್ಟಿದ ಸದ್ದು ಬಂತು. "ಜ್ವರ ಬಿಟ್ಟಿದೆ, ತೆಗಿ. ಕೂಸಪ್ಪನ್ನ ಎತ್ಕೊಂಡು ಬಾ, ಒಂದ್ಸಲ ನೋಡ್ತೀನಿ." ಬರಬೇಡ ಅಂದವಳೂ ಅಮ್ಮ, ಬಾ ಅನ್ನುವವಳೂ ಅಮ್ಮ. ಯಾವ ಅಮ್ಮನ ಮಾತು ಕೇಳಬೇಕೆಂದು ಗೊತ್ತಾಗಲಿಲ್ಲ. ನಿನ್ನನ್ನು ತಂದು ಬಾಗಿಲ ಮುಂದೆ ಮಲಗಿಸಿ, ಅಪ್ಪನ ಇಕ್ಕಳ ತರಲು ಹೋದೆ. ತಿರುಗಿ ಬಂದಾಗ ನಿನ್ನ ಬಲಗೈ ಬಾಗಿಲ ಕೆಳಗಿನ ಸಂದಿನೊಳಗಿತ್ತು. ನೀನು ಅಳುತ್ತಿರಲಿಲ್ಲ, ನಗುತ್ತಿದ್ದೆ. ಎತ್ತಿದರೆ ಕೈ ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದಿದ್ದರು. ಎಳೆದೆ. ಬಿಡಿಸಿಕೊಂಡು ಓಡಿದೆ.

ಹತ್ತೊಂಬತ್ತಕ್ಕೆ ಅಪ್ಪ ಹೋದ. ಆಸ್ಪತ್ರೆ ಖಾಲಿ ಮಾಡಿದರು, ಮಾವ ಬಂದು ನಮ್ಮನ್ನು ಕರೆದುಕೊಂಡು ಹೋದ. ಅಮ್ಮನನ್ನೂ ಉಳಿದವರ ಜೊತೆ ಮಣ್ಣು ಮಾಡಿದರೆಂದೇ ಅವನು ತಿಳಿದ. ಆ ಬಾಗಿಲಿನ ಹಿಂದೆ ಒಬ್ಬಳಿದ್ದಾಳೆ ಎಂದು ನಾನು ಯಾರಿಗೂ ಹೇಳಲಿಲ್ಲ. ಜ್ವರ ನಿಜವಾಗಿ ಬಿಟ್ಟಿದ್ದರೆ? ಹಸಿದು ಸತ್ತಳೋ? ಇದೊಂದು ಪ್ರಶ್ನೆಯನ್ನು ನುಂಗಿಕೊಂಡು ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದೆ.

ಇನ್ನು ಅದನ್ನು ತೆಗೆಯದಿದ್ದರೆ ಆಗದು. ಆದರೆ ನೀನೊಬ್ಬನೇ ಬೇಡ. ಬಾಗಿಲಿನ ಕಡೆಯಿಂದ ಬೇಡ. ನಡುಹಗಲಲ್ಲಿ, ಜನ ಸೇರಿಸಿ, ಕಿಟಕಿಯ ಕಡೆಯಿಂದ. ಅದು ಕರೆದರೆ ಓಗೊಡಬೇಡ. ಆ ಹೆಸರನ್ನು ನಾನು ಜೀವಮಾನದಲ್ಲಿ ಕೇಳಿದ್ದು ಆ ಒಂದೇ ಸಲ.

ಅಕ್ಕ


೧೭ ಜುಲೈ ೧೯೮೪

ಅಕ್ಕ,

ನಿನ್ನ ಪತ್ರ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಓದಿದೆ. ಮೂರು ಬಸ್ಸು ಬಂದು ಹೋದವು. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ನಲವತ್ತೊಂದು ವರ್ಷ ಇಲ್ಲದ ದೋಣಿಯೊಂದನ್ನು ನನ್ನ ತಲೆಯಲ್ಲಿ ತೇಲಿಸಿದಿರಿ. ಆಮೇಲೆ ಇಕ್ಕಳ ಹಿಡಿದು ಓಡುವ ಒಂಬತ್ತು ವರ್ಷದ ಹುಡುಗಿ ಕಣ್ಣಮುಂದೆ ಬಂದಳು. ಸಿಟ್ಟು ಇಳಿಯಿತು.

ನೀನು ಹೇಳಿದ ಹಾಗೇ ಮಾಡಿದೆ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಗುತ್ತಿಗೆದಾರರು, ಕಾವಲುಗಾರ, ನಾಲ್ವರು ಕೂಲಿಗಳು, ಠಾಣೆಯಿಂದ ಒಬ್ಬ ಜಮಾದಾರ. ಹೊರಗಿನ ಪೊದೆ ಕಡಿದು, ಕಿಟಕಿಯ ಸರಳು ಕೊಯ್ದು ಒಳಗಿಳಿದೆವು.

ಅಮ್ಮ ಮಂಚದ ಮೇಲಿದ್ದಾಳೆ. ಬಾಗಿಲ ಹತ್ತಿರ ಅಲ್ಲ, ನೆಲದ ಮೇಲೂ ಅಲ್ಲ. ಹೊದಿಕೆಯನ್ನು ಎದೆಯವರೆಗೆ ಸರಿಯಾಗಿ ಎಳೆದುಕೊಂಡಿದ್ದಾಳೆ. ಮೂಳೆಗಳು ಒಂದೂ ಕದಲಿಲ್ಲ. ನೀರಿನ ಹೂಜಿ, ತಟ್ಟೆ, ಸುತ್ತಿಗೆ, ಕಬ್ಬಿಣದ ತುಂಡು, ಎಲ್ಲ ಒಂದು ಸ್ಟೂಲಿನ ಮೇಲೆ ಸಾಲಾಗಿ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ತನ್ನ ಜ್ವರದ ಲೆಕ್ಕ ಬರೆದಿದ್ದಾಳೆ. ಇದ್ದ ಹಾಗೇ ಬರೆದುಕೊಂಡು ಬಂದೆ.

ಹನ್ನೊಂದು, ಸಂಜೆ: ನೂರಮೂರು.
ಹನ್ನೆರಡು, ಬೆಳಿಗ್ಗೆ: ನೂರನಾಲ್ಕು.
ಹನ್ನೆರಡು, ಸಂಜೆ: ನೂರೈದು.
ಹದಿಮೂರು, ಬೆಳಿಗ್ಗೆ: ಜ್ವರ ನೋಡುವ ಕೊಳವೆ ಹಿಡಿಯಲು ಆಗುತ್ತಿಲ್ಲ. ಮಲಗುತ್ತೇನೆ. ಗುಂಡನಿಗೆ ಹಾಲು ಆರಿಸಿ ಕೊಡಿ.

ಆಮೇಲೆ ಏನೂ ಇಲ್ಲ. ಅಕ್ಕ, ದಿನ ಎಣಿಸಿ ನೋಡು. ನೀನು ಹೋದದ್ದು ಹದಿನೈದರಂದು. ಅಮ್ಮ ಹದಿಮೂರಕ್ಕೇ ಹೋಗಿದ್ದಳು. ನೀನು ಅಮ್ಮನನ್ನು ಬಿಟ್ಟು ಓಡಲಿಲ್ಲ. ಆ ಹೊರೆಯನ್ನು ಇಲ್ಲಿಗೇ ಇಳಿಸಿಬಿಡು.

ಅಡ್ಡಪಟ್ಟಿಯನ್ನೂ ನೋಡಿದೆ. ಒಳಗಿನ ಹನ್ನೆರಡು ತಲೆಗಳೂ ಹೊಡೆದಾಗ ಹೇಗಿದ್ದವೋ ಹಾಗೇ ಇವೆ, ಕೂದಲೆಳೆಯಷ್ಟೂ ಮಿಸುಕಿಲ್ಲ. ಹೊರಗೆ ಹನ್ನೆರಡು ತುದಿಗಳೂ ಎದ್ದು ನಿಂತಿವೆ. ನನ್ನ ವಿದ್ಯೆಗೆ ಇದು ತಿಳಿಯದು. ಕೋಣೆಯಲ್ಲೆಲ್ಲ ಒಂದು ಬೆರಳು ದಪ್ಪ ಧೂಳು. ಬಾಗಿಲ ಸಂದಿನ ಹತ್ತಿರ ಮಾತ್ರ, ಒಬ್ಬರು ಮಲಗುವಷ್ಟು ಜಾಗ, ಈಗ ತಾನೇ ಒರೆಸಿದ ಹಾಗೆ ಚೊಕ್ಕಟವಾಗಿತ್ತು.

ಊರ ಹೊರಗಿನ ಎತ್ತರದ ಜಾಗದಲ್ಲಿ ಅಮ್ಮನನ್ನು ಮಣ್ಣು ಮಾಡಿದೆವು. ಪೆಟ್ಟಿಗೆಯನ್ನು ನಾನೇ ಮಾಡಿದೆ. ಮೊಳೆ ಬಳಸಲಿಲ್ಲ, ಎಲ್ಲ ಮರದ ಕೀಲು.

ಕೆಲಸ ಬಿಟ್ಟಿದ್ದೇನೆ. ಜಮಾದಾರನ ಕಾಗದಪತ್ರ ಮುಗಿಯುವವರೆಗೆ ಪೇಟೆಯ ಬಾಡಿಗೆ ಕೋಣೆಯಲ್ಲಿದ್ದೇನೆ. ನೀನು ಒಂದು ಸಲ ಬಂದು ಹೋಗು. ನಿನ್ನೆಯಿಂದ ಊಟದ ಹೊತ್ತಿಗೆ ಯಾರೋ ಬಾಗಿಲು ತಟ್ಟುತ್ತಾರೆ, ತೆಗೆದರೆ ಯಾರೂ ಇರುವುದಿಲ್ಲ. ಕೆಳಗಿನ ಚಹಾ ಅಂಗಡಿಯವರ ತರಲೆ ಇರಬೇಕು.

ಅಂದ ಹಾಗೆ, ಗುಂಡ ಯಾರು?

ತಮ್ಮ


೨೨ ಜುಲೈ ೧೯೮೪

ನನ್ನ ತಮ್ಮನಿಗೆ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಅಮ್ಮನ ಅಂಕಿಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಓದಿದೆ. ಎದೆಯ ಮೇಲಿದ್ದ ಬಂಡೆ ಇಳಿಯಿತು, ನೀನು ಇಳಿಸಿದೆ. ಒಂದು ಇಡೀ ದಿನ ಅತ್ತೆ, ಒಳ್ಳೆಯ ಅಳು.

ಅತ್ತು ಮುಗಿದ ಮೇಲೆ ಇನ್ನೊಂದು ತಿಳಿಯಿತು. ಅಮ್ಮನ ದನಿ ಎಂದು ಇಷ್ಟು ವರ್ಷ ನಾನು ಜೋಪಾನ ಮಾಡಿಟ್ಟುಕೊಂಡದ್ದು ಹದಿನೈದನೇ ತಾರೀಕಿನ ದನಿಯನ್ನು. ಈಗ ನೆನಪು ಮಾಡಿಕೊಳ್ಳಲು ಕೂತರೆ ಅದೇ ಬರುತ್ತದೆ. ಅವಳ ನಿಜವಾದ ದನಿ ನನ್ನ ಬಳಿ ಇಲ್ಲ.

ಗುಂಡ ನೀನೇ ಕಣೋ. ಅಮ್ಮ ನಿನ್ನನ್ನು ಕರೆಯುತ್ತಿದ್ದುದು ಗುಂಡ ಅಂತ. ಅಪ್ಪನೂ ಹಾಗೇ, ನಾನೂ ಹಾಗೇ. ಕೂಸಪ್ಪ ಅಂತ ನಮ್ಮ ಮನೆಯಲ್ಲಿ ಯಾರೂ, ಯಾವತ್ತೂ ನಿನ್ನನ್ನು ಕರೆದಿಲ್ಲ. ಜ್ವರದಲ್ಲಿ ಹೆಸರು ತಪ್ಪಿತು ಎಂದು ನಾನೇ ನನಗೆ ಹೇಳಿಕೊಂಡಿದ್ದೆ. ಅವಳ ಜ್ಞಾನ ಕೊನೆಯ ಸಾಲಿನವರೆಗೂ ನೆಟ್ಟಗಿತ್ತು ಎಂದು ನಿನ್ನ ಪತ್ರದಿಂದ ತಿಳಿದ ಮೇಲೆ ಆ ಸುಳ್ಳೂ ಹೋಯಿತು.

ನೀನು ಅದಕ್ಕೆ "ಓ" ಅಂದಿದ್ದೀಯ. ಆದದ್ದು ಆಯಿತು. ಇನ್ನು ಯಾರು ತಟ್ಟಿದರೂ ಬಾಗಿಲು ತೆಗೆಯಬೇಡ. ಯಾರು ಕರೆದರೂ ಉತ್ತರ ಕೊಡಬೇಡ. ಚಹಾ ಅಂಗಡಿಯವರೇ ಆದರೂ ಚಿಂತೆಯಿಲ್ಲ, ಬೈದುಕೊಳ್ಳಲಿ.

ನಾನು ಗುರುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಮಧ್ಯಾಹ್ನ ಒಂದರ ಹೊತ್ತಿಗೆ ಅಲ್ಲಿರುತ್ತೇನೆ. ನಿಲ್ದಾಣಕ್ಕೆ ಬರಬೇಡ, ಕೋಣೆಯಲ್ಲೇ ಇರು. ನಾನು ಬಂದು ರಸ್ತೆಯ ಆಚೆ ಬದಿಯಲ್ಲಿ, ನಿನ್ನ ಕಿಟಕಿಗೆ ಎದುರಾಗಿ ನಿಲ್ಲುತ್ತೇನೆ. ತಟ್ಟುವುದಿಲ್ಲ. ಕರೆಯುವುದಿಲ್ಲ. ನೀನು ಕಿಟಕಿಯಿಂದ ನೋಡು, ಚೆನ್ನಾಗಿ ನೋಡು. ನಾನೇ ಎಂದು ಮನಸ್ಸಿಗೆ ಖಾತ್ರಿಯಾದ ಮೇಲೆ ಕೆಳಗೆ ಬಾ. ಎಷ್ಟು ಹೊತ್ತಾದರೂ ಪರವಾಗಿಲ್ಲ, ನಿಂತಿರುತ್ತೇನೆ.

ಅಷ್ಟರಲ್ಲಿ ನನ್ನದೇ ದನಿಯಲ್ಲಿ ಯಾರಾದರೂ ಬಾಗಿಲ ಹತ್ತಿರ ಕರೆದರೆ, ಅದು ನಾನಲ್ಲ.

ನಿನ್ನ ಅಕ್ಕ